ಮಲೆನಾಡಿನ ಮಳೆಯಲ್ಲಿ ಸೋರುವ ಕ್ಯಾಂಪರ್ ಟ್ರೇಲರ್: ನೀರಿನ ದಾರಿ ಹುಡುಕಿ ಸರಿಪಡಿಸುವ ಬಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳದಂಚಿನಲ್ಲಿ ನಿಂತಿರುವ ಕ್ಯಾಂಪರ್ ಟ್ರೇಲರ್ 10 ಅಡಿ ಉದ್ದ, 6 ಅಡಿ ಅಗಲದ, ಒಳಗೆ ಮಂಚ, ಸಿಂಕು, ಕಪಾಟು ಇರುವ ಸಣ್ಣ ಗಾಡಿ. ಮರದ ರೀಪುಗಳ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ಎರಡರ ನಡುವೆ ಥರ್ಮೋಕೋಲ್. ಜೀಪಿನ ಹಿಂದೆ ಕಟ್ಟಿಕೊಂಡು ಹೊನ್ನೆಮರಡುವಿನ ಹಿನ್ನೀರಿನ ದಂಡೆಗೋ, ಆಗುಂಬೆ ಘಾಟಿ ಇಳಿದು ಮಲ್ಪೆಯ ಕಡಲಿಗೋ ಹೋಗಿಬರುವವರಿಗೆ ಇದಕ್ಕಿಂತ ದೊಡ್ಡದು ಬೇಡ. ಇದನ್ನು ಹಳೆಯದಾಗಿ ಕೊಂಡ ಮೊದಲ ವರ್ಷ, ಆಶ್ಲೇಷ ಮಳೆ ಹಿಡಿದಿದ್ದಾಗ, ಮಂಚದ ತಲೆಕಡೆಯ ಕಿಟಕಿಯ ಕೆಳಮೂಲೆಯಲ್ಲಿ ಕಾಫಿ ಲೋಟ ಇಟ್ಟು ತೆಗೆದಂತಹ ಕಂದು ಉಂಗುರವೊಂದು ಕಾಣಿಸಿತು. ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ಕಿಟಕಿಯ ಸುತ್ತ ಸಿಲಿಕಾನ್ ಬಳಿದು ಕೈ ತೊಳೆದುಕೊಂಡೆ. ಮರುವರ್ಷ ಆ ಉಂಗುರದ ಸುತ್ತ ಇನ್ನೊಂದು ಉಂಗುರ ಮೂಡಿತು. ಅದರ ಮರುವರ್ಷ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆರಳೇ ಒಳಕ್ಕೆ ಹೋಯಿತು.

ನೀರು ಬರುತ್ತಿದ್ದದ್ದು ಕಿಟಕಿಯಿಂದ ಅಲ್ಲವೇ ಅಲ್ಲ. ಹಿಂದೆ ಯಾವುದೋ ವರ್ಕ್‌ಶಾಪಿನಲ್ಲಿ ಚಾವಣಿಯ ಮೇಲೆ ದೀಪ ಕೂರಿಸಲು ಹೊಡೆದಿದ್ದ ಎರಡು ಸ್ಕ್ರೂಗಳ ಬುಡದಿಂದ ನೀರು ಇಳಿದು, ತಗಡಿನ ಒಳಮೈಯಲ್ಲಿ 4 ಅಡಿ ಹರಿದು, ಕಿಟಕಿಯ ಚೌಕಟ್ಟಿನ ಮೇಲೆ ಬಂದು ತಂಗಿ, ಅಲ್ಲಿಂದ ಕೆಳಮೂಲೆಗೆ ಇಳಿಯುತ್ತಿತ್ತು. ನಾನು ಕಿಟಕಿಗೆ ಬಳಿದ ಸಿಲಿಕಾನ್ ಮಾಡಿದ್ದೆಂದರೆ, ಒಳಗೆ ಬಂದ ನೀರು ಹೊರಹೋಗುವ ದಾರಿಯನ್ನು ಮುಚ್ಚಿದ್ದು. ಇದರಿಂದ ನಾನು ಕಲಿತು, ಈಗ ಕೇಳಿದವರಿಗೆಲ್ಲ ಮೊದಲು ಹೇಳುವುದು ಇಷ್ಟು: ನಮ್ಮ ಕಡೆ ಸೋರಿಕೆಯನ್ನು ಹುಡುಕುವ ಕಾಲವೇ ಬೇರೆ, ಸರಿಪಡಿಸುವ ಕಾಲವೇ ಬೇರೆ. ಮಳೆಗಾಲದಲ್ಲಿ ಹುಡುಕಿ ಗುರುತು ಹಾಕಿಕೊಂಡು, ತಾತ್ಕಾಲಿಕವಾಗಿ ನೀರು ತಡೆದು, ಸಂಕ್ರಾಂತಿಯಿಂದ ಯುಗಾದಿಯೊಳಗಿನ ಒಣ ದಿನಗಳಲ್ಲಿ ಬಿಚ್ಚಿ ದುರಸ್ತಿ ಮಾಡಬೇಕು. ಎರಡನ್ನೂ ಜುಲೈ ತಿಂಗಳಲ್ಲೇ ಮುಗಿಸುತ್ತೇನೆಂದು ಹೊರಟವರು ಒದ್ದೆ ಮರವನ್ನು ಒಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ.

ತೇವವೋ, ಸೋರಿಕೆಯೋ

ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂತಹ ಸೀಮೆಯಲ್ಲಿ ಟ್ರೇಲರಿನ ಒಳಗೆ ಒದ್ದೆ ಕಂಡ ಮಾತ್ರಕ್ಕೆ ಅದು ಸೋರುತ್ತಿದೆ ಎನ್ನಲು ಬರುವುದಿಲ್ಲ. ಜಡಿಮಳೆಯ ದಿನಗಳಲ್ಲಿ 24 ಡಿಗ್ರಿ ಉಷ್ಣತೆಯ ಗಾಳಿಯಲ್ಲಿ ಶೇಕಡಾ 90ರಷ್ಟು ಆರ್ದ್ರತೆ ಇದ್ದರೆ, ಅದೇ ಗಾಳಿ ಬರೀ 2 ಡಿಗ್ರಿ ತಣ್ಣಗಾದರೂ ಇಬ್ಬನಿ ಕಟ್ಟುತ್ತದೆ. ಇಬ್ಬರು ರಾತ್ರಿಯಿಡೀ ಕಿಟಕಿ ಮುಚ್ಚಿಕೊಂಡು ಮಲಗಿದರೆ ಬೆಳಗ್ಗೆ ತಗಡಿನ ಒಳಮೈ, ಗಾಜು, ಸ್ಕ್ರೂಗಳ ತಲೆ ಎಲ್ಲವೂ ಬೆವರಿರುತ್ತವೆ. ಈ ಬೆವರಿಗೂ ಹೊರಗಿನ ಸೋರಿಕೆಗೂ ಮದ್ದು ಬೇರೆ ಬೇರೆಯಾದ್ದರಿಂದ ಮೊದಲು ಇದನ್ನು ಬೇರ್ಪಡಿಸಿಕೊಳ್ಳಬೇಕು.

ಅದಕ್ಕೆ ಸುಲಭವಾದ ಉಪಾಯವಿದೆ. ಒಂದು ಗೇಣು ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನದ ಜಾಗವನ್ನು ಒರೆಸಿ ಒಣಗಿಸಿದ ಮೇಲೆ ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಎರಡು ದಿನ ಬಿಡಬೇಕು. ಹಾಳೆಯ ಹೊರಮೈಯಲ್ಲಿ, ಅಂದರೆ ಕೋಣೆಯ ಕಡೆ, ಹನಿ ಕಟ್ಟಿದ್ದರೆ ಅದು ಒಳಗಿನ ಗಾಳಿಯ ತೇವ. ಹಾಳೆಯ ಹಿಂದೆ, ಗೋಡೆಗೆ ತಗುಲಿದ ಕಡೆ, ಮಂಜು ಕಟ್ಟಿದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಎರಡೂ ಕಡೆ ಇದ್ದರೆ ಎರಡೂ ತೊಂದರೆ ಇದೆ ಎಂದೇ ಲೆಕ್ಕ. ನಮ್ಮ ಗಾಡಿಯಲ್ಲಿ ಹಾಗೆಯೇ ಇತ್ತು.

ಇನ್ನೊಂದು ಗೊಂದಲವನ್ನೂ ಇಲ್ಲೇ ಕಳೆದುಕೊಳ್ಳಬೇಕು. ಮಳೆಯೇ ಇಲ್ಲದ ದಿನಗಳಲ್ಲೂ ನೆಲ ಒದ್ದೆಯಾಗುತ್ತಿದ್ದರೆ ಚಾವಣಿಯನ್ನು ಬಿಟ್ಟು ನೀರಿನ ಟ್ಯಾಂಕ್, ಪಂಪು, ಸಿಂಕಿನ ಕೆಳಗಿನ ಪೈಪುಗಳನ್ನು ನೋಡಬೇಕು. ಎಲ್ಲ ನಲ್ಲಿಗಳನ್ನೂ ಮುಚ್ಚಿ ಪಂಪನ್ನು ಚಾಲೂ ಬಿಟ್ಟಾಗ, ಅದು ಒಮ್ಮೆ ಒತ್ತಡ ತುಂಬಿ ನಿಲ್ಲಬೇಕು. ಯಾರೂ ನಲ್ಲಿ ತಿರುಗಿಸದೆ ಮಧ್ಯೆ ಮಧ್ಯೆ ತಾನಾಗಿ ಗುರುಗುಟ್ಟಿದರೆ ಪೈಪಿನಲ್ಲಿ ಎಲ್ಲೋ ಜಿನುಗುತ್ತಿದೆ.

ಕಣ್ಣು, ಮೂಗು, ಕೈ ಮತ್ತು ದಬ್ಬಣ

ಎರಡು ದಿನ ಮುಚ್ಚಿಟ್ಟ ಟ್ರೇಲರಿನ ಬಾಗಿಲು ತೆರೆದ ಮೊದಲ ಕ್ಷಣದ ಮುಗ್ಗಲು ವಾಸನೆಯನ್ನು ನಂಬಬೇಕು. ಐದು ನಿಮಿಷ ಒಳಗೆ ಕೂತರೆ ಮೂಗು ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಆಮೇಲೆ ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯದೆ, ಗೋಡೆಯುದ್ದಕ್ಕೂ ಓರೆಯಾಗಿ ಹಿಡಿದು ನೋಡಬೇಕು. ಹೀಗೆ ಹಿಡಿದಾಗ ಪ್ಲೈವುಡ್ಡಿನ ಮೇಲ್ಪದರ ಉಬ್ಬಿದ ಜಾಗ ಸಣ್ಣ ಅಲೆಯಂತೆ ನೆರಳು ಚೆಲ್ಲುತ್ತದೆ. ಕಪಾಟಿನ ಒಳಮೂಲೆ, ಮಂಚದ ಕೆಳಗಿನ ಪೆಟ್ಟಿಗೆ, ಚಕ್ರದ ಗೂಡು ನೆಲಕ್ಕೆ ಸೇರುವ ಅಂಚು, ಬಾಗಿಲಿನ ಹೊಸ್ತಿಲು, ಇವುಗಳನ್ನು ಸಾಮಾನು ಇಳಿಸಿಯೇ ನೋಡಬೇಕು. ತುಕ್ಕು ಹಿಡಿದ ಸ್ಕ್ರೂವಿನ ತಲೆ, ಕಪ್ಪು ಬೂಸ್ಟಿನ ಗೆರೆ, ಸಡಿಲಗೊಂಡ ಬೀಡಿಂಗ್, ತಗಡಿನ ಮೇಲೆ ಸೂಜಿಮೊನೆಯಷ್ಟು ಬಿಳಿ ಪುಡಿ, ಇವೆಲ್ಲ ನೀರು ಅಲ್ಲಿಗೆ ಬಂದು ಹೋದದ್ದರ ಗುರುತುಗಳು. ಬಿಳಿ ಪುಡಿ ಅಲ್ಯೂಮಿನಿಯಂ ಒಳಗಿನಿಂದ ಕೊರೆದುಹೋಗುತ್ತಿದೆ ಎಂಬುದರ ಸೂಚನೆ.

ಆಮೇಲೆ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಹೋಗಬೇಕು. ಮರಗೆಲಸದ ನಮ್ಮೂರಿನ ಆಚಾರ್ರನ್ನು ನಾನು ಕರೆಸಿದ ದಿನ ಅವರು ಉಳಿ, ಸುತ್ತಿಗೆ ಯಾವುದನ್ನೂ ಚೀಲದಿಂದ ತೆಗೆಯಲಿಲ್ಲ. ಗೋಡೆ ತಟ್ಟುತ್ತ ಬಂದವರು ಕಿಟಕಿಯ ಹತ್ತಿರ ನಿಂತು, ಚೀಲ ಹೊಲಿಯುವ ದಬ್ಬಣವನ್ನು ಕೇಳಿ ಪಡೆದು, ರೀಪಿನ ಮೇಲೆ ಮೆಲ್ಲನೆ ಊರಿದರು. ಗಟ್ಟಿ ಮರದಲ್ಲಿ ದಬ್ಬಣ ನೂಲೆಳೆಯಷ್ಟು ಇಳಿದು ನಿಲ್ಲುತ್ತದೆ, ಎಳೆದರೆ ಮರ ಅದನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಅರ್ಧ ಇಂಚು ಸದ್ದಿಲ್ಲದೆ ಇಳಿಯಿತು, ಹಿಂದೆಳೆದಾಗ ಕಾಫಿಪುಡಿಯಂತಹ ಹುಡಿ ಅಂಟಿಕೊಂಡು ಬಂತು. "ಇಲ್ಲಿಂದ ಈ ಮೂಲೆವರೆಗೂ ಲಡ್ಡಾಗಿದೆ ಮಾರಾಯ್ರೆ, ಮೇಲಿಂದ ಬಿಚ್ಚದೆ ಆಗೋದಿಲ್ಲ" ಎಂದರು. ಅವರು ಕೈತೋರಿಸಿದ್ದು ಕಲೆಯ ಕಡೆಗಲ್ಲ, ಅದರ ನೇರಕ್ಕೆ ಮೇಲಿದ್ದ ಚಾವಣಿಯಂಚಿಗೆ.

ಮರದ ತೇವ ಅಳೆಯುವ ಎರಡು ಸೂಜಿಯ ಮೀಟರು ಸಿಕ್ಕರೆ ಕೊಳ್ಳುವುದು ಒಳ್ಳೆಯದು. ಆದರೆ ಅದರ ಜೊತೆ ಬರುವ ಚೀಟಿಯಲ್ಲಿರುವ ಅಂಕಿಗಳನ್ನು ಮಲೆನಾಡಿನ ಮಳೆಗಾಲದಲ್ಲಿ ಹಾಗೆಯೇ ನಂಬಿದರೆ ಇಡೀ ಗಾಡಿಯೇ ಕೊಳೆತಿದೆ ಎಂದು ಹೆದರಬೇಕಾಗುತ್ತದೆ. ಸಾಮಾನ್ಯವಾಗಿ ಶೇಕಡಾ 15ರೊಳಗೆ ಇದ್ದರೆ ಒಣಮರ, 20 ದಾಟಿ ಹಾಗೆಯೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿ ಎಂಬ ಲೆಕ್ಕವಿದೆ. ಆದರೆ ಗಾಳಿಯಲ್ಲೇ ಶೇಕಡಾ 90ರಷ್ಟು ತೇವವಿರುವ ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಒಂದು ಹನಿಯೂ ಬೀಳದ ಮರವೂ ಗಾಳಿಯಿಂದ ತೇವ ಹೀರಿ 18, 20 ತೋರಿಸುತ್ತದೆ. ಆದ್ದರಿಂದ ಅದೇ ಜಾತಿಯ ಮರದ ತುಂಡೊಂದನ್ನು ಟ್ರೇಲರಿನ ಒಳಗೇ, ನೀರು ಸೋಕದ ಕಪಾಟಿನಲ್ಲಿ ವಾರಗಟ್ಟಲೆ ಇಟ್ಟು, ಮೊದಲು ಅದನ್ನು ಅಳೆದು, ಅದಕ್ಕಿಂತ ಗೋಡೆ ಎಷ್ಟು ಹೆಚ್ಚು ತೋರಿಸುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ತುಂಡು 19 ಇದ್ದು ಗೋಡೆ 20 ಇದ್ದರೆ ಚಿಂತೆಯಿಲ್ಲ. ಗೋಡೆ 28 ಇದ್ದರೆ ಅಲ್ಲಿ ನೀರಿದೆ. ಚಾಕ್‌ಪೀಸಿನಿಂದ ಗೋಡೆಯ ಮೇಲೆ ಒಂದು ಗೇಣಿಗೊಂದು ಗೀಟು ಎಳೆದು, ಪ್ರತಿ ಚೌಕದಲ್ಲೂ ಅಂಕಿ ಬರೆದುಕೊಂಡರೆ, ಅಂಕಿಗಳು ಏರುತ್ತ ಹೋಗುವ ದಿಕ್ಕೇ ನೀರು ಬಂದ ದಿಕ್ಕು. ಆ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಬಿಚ್ಚುವಾಗ ಅದೇ ನಕ್ಷೆ.

ಮಳೆಗೆ ಒಡ್ಡಿ, ಪೈಪು ಹಿಡಿದು ಹುಡುಕುವುದು

ಟ್ರೇಲರಿಗೆ ಮನೆಗಿಲ್ಲದ ಒಂದು ಅನುಕೂಲವಿದೆ: ಅದನ್ನು ತಿರುಗಿಸಿ ನಿಲ್ಲಿಸಬಹುದು. ನಮ್ಮಲ್ಲಿ ಮುಂಗಾರಿನ ಇರಿಚಲು ಬರುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಒಂದು ವಾರ ಬಲಮಗ್ಗುಲು ಪಶ್ಚಿಮಕ್ಕೆ ಮಾಡಿ ನಿಲ್ಲಿಸಿ, ಮುಂದಿನ ವಾರ ಪೂರ್ತಿ ತಿರುಗಿಸಿ ನಿಲ್ಲಿಸಿದಾಗ ಒಳಗಿನ ಒದ್ದೆ ನಿಂತುಹೋದರೆ ತೂತು ಗೋಡೆ ಅಥವಾ ಕಿಟಕಿಯಲ್ಲಿದೆ. ಎರಡೂ ವಾರ ಒಂದೇ ಸಮ ಒದ್ದೆಯಾದರೆ ಚಾವಣಿಯಲ್ಲಿದೆ. ಹಾಗೆಯೇ ಮುಂದಿನ ಜಾಕಿಯನ್ನು ಏರಿಸಿ, ಮತ್ತೊಮ್ಮೆ ಇಳಿಸಿ ನೋಡಿದರೆ ಚಾವಣಿಯ ಮುಂಭಾಗವೋ ಹಿಂಭಾಗವೋ ಎಂಬುದೂ ತಿಳಿಯುತ್ತದೆ. ಈ ದಿನಗಳಲ್ಲಿ ಒಳಗೆ ಹಳೆಯ ದಿನಪತ್ರಿಕೆಯ ಉದ್ದನೆಯ ಪಟ್ಟಿಗಳನ್ನು ಮೂಲೆಗಳಿಗೂ ಕಪಾಟಿನ ಹಿಂಬದಿಗೂ ಅಂಟಿಸಿಡಬೇಕು. ಪತ್ರಿಕೆಯ ಕಾಗದ ಒಂದೇ ಹನಿಗೂ ಕಪ್ಪಾಗಿ ಸುಕ್ಕುಗಟ್ಟುತ್ತದೆ, ಒಣಗಿದ ಮೇಲೂ ಕಲೆ ಉಳಿಸಿಕೊಳ್ಳುತ್ತದೆ. ಬರೀ ಕಣ್ಣಿಗೆ ಕಾಣದ ಹರಿವು ಅದರಲ್ಲಿ ದಾಖಲಾಗಿರುತ್ತದೆ.

ಮಳೆ ಹೊಳವಾದ ದಿನ ಪೈಪಿನ ಪರೀಕ್ಷೆ ಮಾಡಬಹುದು. ಅದಕ್ಕೆ ಮುಂಚೆ ಮನೆಯಿಂದ ಎಳೆದ ವಿದ್ಯುತ್ ತಂತಿಯನ್ನು ಕಳಚಿ, ಬ್ಯಾಟರಿಯ ಋಣ ತಂತಿಯನ್ನು ಬಿಡಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿರಬೇಕು. ಇಬ್ಬರು ಬೇಕು, ಒಬ್ಬರು ಹೊರಗೆ ಪೈಪು ಹಿಡಿಯಬೇಕು, ಒಬ್ಬರು ಒಳಗೆ ಟಾರ್ಚು ಹಿಡಿದು ಕೂರಬೇಕು. ನೀರನ್ನು ರಭಸವಾಗಿ ಚಿಮ್ಮಿಸಬಾರದು, ಗಾಡಿ ತೊಳೆಯುವ ಪ್ರೆಶರ್ ಪಂಪಂತೂ ಹತ್ತಿರ ತರಲೇಬಾರದು. ಆ ರಭಸಕ್ಕೆ ಚೆನ್ನಾಗಿರುವ ಬೀಡಿಂಗಿನ ಒಳಗೂ ನೀರು ನುಗ್ಗಿ ಇಲ್ಲದ ತೂತನ್ನು ತೋರಿಸುತ್ತದೆ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು: ಮೊದಲು ನೆಲದಂಚು ಮತ್ತು ಚಕ್ರದ ಗೂಡು, ಆಮೇಲೆ ಕಿಟಕಿಯ ಕೆಳಗಿನಂಚು, ಪಕ್ಕದಂಚು, ಮೇಲಂಚು, ಕೊನೆಗೆ ಚಾವಣಿ. ಒಂದೊಂದು ಕಡೆ ಕನಿಷ್ಠ 10 ನಿಮಿಷ ಬಿಡಬೇಕು. ಮೇಲಿನಿಂದ ಆರಂಭಿಸಿದರೆ ಇಳಿದ ನೀರು ಎಲ್ಲವನ್ನೂ ಒಟ್ಟಿಗೆ ತೋಯಿಸಿ, ಯಾವುದು ಎಂಬುದೇ ತಿಳಿಯದಂತಾಗುತ್ತದೆ.

ಅಡಿಕೆ ತೋಟವಿರುವ ಮನೆಗಳಲ್ಲಿ ಔಷಧಿ ಹೊಡೆಯುವ ಬೆನ್ನುಪಂಪು ಕೈಗೆ ಸುಲಭವಾಗಿ ಸಿಗುತ್ತದೆ, ಅದರ ನಳಿಕೆಯಿಂದ ಬರುವ ಸಣ್ಣ ತುಂತುರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಪಂಪನ್ನು ಅಲ್ಯೂಮಿನಿಯಂ ಮೈಗೆ ತರಬೇಡಿ. ಬೋರ್ಡೋದಲ್ಲಿರುವ ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ತೇವ ಸಿಕ್ಕಲ್ಲೆಲ್ಲ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಇದೇ ಕಾರಣಕ್ಕೆ ತೋಟದಂಚಿನಲ್ಲಿ ಗಾಡಿ ನಿಲ್ಲಿಸುವವರು ಔಷಧಿ ಹೊಡೆಯುವ ದಿನ ಅದನ್ನು ದೂರಕ್ಕೆ ಸರಿಸಬೇಕು, ಸರಿಸಲಾಗದಿದ್ದರೆ ಅದೇ ದಿನ ತೊಳೆಯಬೇಕು. ನಮ್ಮ ಗಾಡಿಯ ಎಡಗಡೆಯ ತಗಡಿನಲ್ಲಿ ನೀಲಿ ಚುಕ್ಕೆಗಳ ನಡುವೆ ಇಂತಹ ಐದಾರು ಕುಳಿಗಳು ಬಿದ್ದಿವೆ.

ಇದರಲ್ಲೂ ಸಿಗದಿದ್ದರೆ ಗಾಳಿಯ ಪರೀಕ್ಷೆ. ಚಾವಣಿಯ ಗಾಳಿಕಿಂಡಿಗೆ ರಟ್ಟು ಕತ್ತರಿಸಿ ಕೂರಿಸಿ, ಅದರಲ್ಲಿ ಬ್ಲೋವರಿನ ಬಾಯಿ ಸೇರಿಸಿ, ಉಳಿದ ಕಿಂಡಿಗಳನ್ನೂ ಸಿಂಕಿನ ತೂಬನ್ನೂ ಟೇಪಿನಿಂದ ಮುಚ್ಚಿ, ಹೊರಗಿನ ಗಾಳಿಯನ್ನು ಒಳಕ್ಕೆ ಮೆಲ್ಲಗೆ ಊದಿಸಬೇಕು. ಹೊರಗಿನಿಂದ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಸಂದುಗಳಿಗೆ ಹಚ್ಚುತ್ತ ಬಂದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ನಮ್ಮ ಚಾವಣಿಯ ದೀಪದ ಎರಡು ಸ್ಕ್ರೂಗಳು ಸಿಕ್ಕಿಬಿದ್ದದ್ದು ಹೀಗೆ: ಒಂದರ ತಲೆಯ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಏಳುತ್ತ, ಒಡೆಯುತ್ತ, ಮತ್ತೆ ಏಳುತ್ತಿದ್ದವು.

ನಿಂತಾಗ ಸೋರದ ಗಾಡಿ ಓಡುವಾಗ ಸೋರುವುದೂ ಉಂಟು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಚೌಕಟ್ಟು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಚಿಕೊಳ್ಳುತ್ತದೆ, ಮೂಲೆಯ ಪಟ್ಟಿಗಳು ಆಗ ಬಾಯಿ ಬಿಡುತ್ತವೆ. ಚಕ್ರ ಎರಚಿದ ಕೆಸರುನೀರು ಗೂಡಿನ ಸಂದಿನಲ್ಲಿ ಮೇಲಕ್ಕೇ ಹತ್ತುತ್ತದೆ. ಒಳಗೆ ಸಿಕ್ಕ ನೀರಿನ ಕಲೆಯಲ್ಲಿ ಕೆಂಪು ಮಣ್ಣಿದ್ದರೆ ಚಾವಣಿ ನಿರಪರಾಧಿ.

ಮಳೆ ನಿಲ್ಲುವವರೆಗೆ

ತೂತು ಸಿಕ್ಕ ಕೂಡಲೇ ಅದರ ಮೇಲೆ ಏನಾದರೊಂದು ಬಳಿಯುವ ಆಸೆಯನ್ನು ತಡೆದುಕೊಳ್ಳುವುದು ಕಷ್ಟ. ಸಾಧ್ಯವಾದರೆ ಏನನ್ನೂ ಬಳಿಯದೆ, ಗಾಡಿಯ ಮೇಲೆ ನಾಲ್ಕು ಕಂಬದ ಚಪ್ಪರ ಹಾಕಿ ಶೀಟು ಹೊದಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಇರಿಚಲು ಬರುವ ಕಡೆ, ಮಣ್ಣಿನ ಗೋಡೆಗೆ ಹಿಂದೆ ಅಡಿಕೆ ಸೋಗೆ ಕಟ್ಟುತ್ತಿದ್ದ ಹಾಗೆ, ಒಂದು ಮರೆ ಕಟ್ಟಬಹುದು. ಟಾರ್ಪಾಲನ್ನು ನೇರವಾಗಿ ಗಾಡಿಯ ಮೈಗೆ ಹೊದಿಸಿ ಬಿಗಿಯುವುದು ಮಾತ್ರ ಬೇಡ. ಒಳಗೆ ಗಾಳಿಯಾಡದೆ ಬೂಸ್ಟು ಹೆಚ್ಚುತ್ತದೆ, ಗಾಳಿಗೆ ಪಟಪಟ ಬಡಿದು ಬಣ್ಣವನ್ನೂ ಕೆರೆಯುತ್ತದೆ. ಚಪ್ಪರ ಆಗದಿದ್ದರೆ, ಬಟ್ಟೆಯಿಂದ ಒರೆಸಿ ಒಣಗಿಸಿದ ಜಾಗಕ್ಕೆ ಅಲ್ಯೂಮಿನಿಯಂ ಬೆನ್ನಿನ ಬ್ಯುಟೈಲ್ ಟೇಪನ್ನು (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಅಂಟಿಸಿ ಬೆರಳಿನಿಂದ ಉಜ್ಜಿ ಕೂರಿಸಬೇಕು. ಬೇಸಿಗೆಯಲ್ಲಿ ಅದನ್ನು ಕಿತ್ತು ತೆಗೆಯಬಹುದು.

ಒಳಗನ್ನು ಒಣಗಿಸಲು ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ, ಗ್ಯಾಸ್ ಒಲೆಯನ್ನಾಗಲಿ ಟ್ರೇಲರಿನಲ್ಲಿ ಇಡಲೇಬೇಡಿ. ಮುಚ್ಚಿದ ಅಷ್ಟು ಸಣ್ಣ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಪ್ರಾಣದ ಮಾತು ಬಿಟ್ಟರೂ ಅದು ಒಣಗಿಸುವ ದಾರಿಯೇ ಅಲ್ಲ. 1 ಕಿಲೋ ಅಡುಗೆ ಗ್ಯಾಸ್ ಉರಿದಾಗ ಸುಮಾರು ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹುಟ್ಟುತ್ತದೆ, ಅದೆಲ್ಲ ಹೋಗಿ ಕೂರುವುದು ತಣ್ಣನೆಯ ಗೋಡೆಯ ಮೇಲೆಯೇ. ತೇವ ಹೀರುವ ವಿದ್ಯುತ್ ಯಂತ್ರವನ್ನು ಕಿಟಕಿ ಮುಚ್ಚಿಕೊಂಡು ನಡೆಸುವುದು ಒಂದು ದಾರಿ, ಅದಿಲ್ಲದಿದ್ದರೆ ಒದ್ದೆಯಾದ ಹಾಸಿಗೆ, ಕುಶನ್, ಪರದೆಗಳನ್ನು ಮನೆಯೊಳಕ್ಕೆ ತಂದು, ಹೊಳವಾದಾಗಲೆಲ್ಲ ಕಿಟಕಿ ತೆರೆದು ಫ್ಯಾನ್ ಹಾಕುವುದು ಇನ್ನೊಂದು. ಬೂಸ್ಟನ್ನು ಒರೆಸುವಾಗ ಎನ್-95 ಮಾಸ್ಕು, ಕೈಗವಸು ಇರಲಿ. ಸೋಪಿನ ನೀರಿನ ಒದ್ದೆ ಬಟ್ಟೆಯಿಂದಲೇ ಒರೆಸಬೇಕು, ಒಣಗಿದ್ದಾಗ ಗುಡಿಸಿದರೆ ಅದರ ಪುಡಿ ಗಾಳಿಗೆ ಹಾರುತ್ತದೆ. ಬ್ಲೀಚನ್ನು ಶೌಚಾಲಯ ತೊಳೆಯುವ ಆಸಿಡ್ಡಿನ ಜೊತೆ ಎಂದೂ ಬೆರೆಸಬಾರದು, ಅದರಿಂದ ವಿಷಗಾಳಿ ಏಳುತ್ತದೆ.

ಬೇಸಿಗೆಯಲ್ಲಿ ಬಿಚ್ಚುವುದು

ಸಂಕ್ರಾಂತಿ ಕಳೆದ ಮೇಲೆ ಗಾಳಿ ಒಣಗುತ್ತದೆ. ಅಡಿಕೆ ಕೊಯ್ಲು ಮುಗಿಯದಿದ್ದರೆ ಆಚಾರ್ರು ಸಿಕ್ಕರೂ ಕೈಯಾಳು ಸಿಗುವುದಿಲ್ಲವಾದ್ದರಿಂದ ನಾನು ಶಿವರಾತ್ರಿಯ ಆಸುಪಾಸಿನಲ್ಲಿ ಹಿಡಿದೆ. ಏಪ್ರಿಲಿನಲ್ಲಿ ಸಂಜೆಯ ಗುಡುಗುಮಳೆ ಶುರುವಾಗುವ ಮುಂಚೆ ಮುಗಿಸಬೇಕು.

ಮೊದಲು ಒಳಗಿನ ಪ್ಲೈವುಡ್ ಹಾಳೆಯನ್ನು, ಮೀಟರಿನ ನಕ್ಷೆ ತೋರಿಸಿದ ಜಾಗಕ್ಕಿಂತ ಒಂದು ಗೇಣು ಆಚೆವರೆಗೂ ತೆಗೆಯಬೇಕು. ಒದ್ದೆಯಾದ ಥರ್ಮೋಕೋಲನ್ನು ಎಸೆಯಬೇಕು. ಅದರ ಕಾಳುಗಳ ಸಂದಿನಲ್ಲಿ ನಿಂತ ನೀರು ಇಡೀ ಬೇಸಿಗೆ ಕಳೆದರೂ ಆರುವುದಿಲ್ಲ. ತೆರೆದ ಚೌಕಟ್ಟನ್ನು ಕನಿಷ್ಠ ಎರಡು ವಾರ ಫ್ಯಾನಿನ ಗಾಳಿಗೆ ಬಿಟ್ಟು, ಮೀಟರು ಶೇಕಡಾ 15ಕ್ಕಿಂತ ಕೆಳಗೆ ಇಳಿಯುವವರೆಗೂ ಮುಂದಿನ ಕೆಲಸಕ್ಕೆ ಕೈ ಹಾಕಬಾರದು. ಇಡೀ ದುರಸ್ತಿಯಲ್ಲಿ ಅತಿ ಬೇಸರದ ಹಂತ ಇದೇ, ಅತಿ ಮುಖ್ಯವಾದದ್ದೂ ಇದೇ.

ಕೊಳೆತ ರೀಪನ್ನು ದಬ್ಬಣ ನಿಲ್ಲುವ ಗಟ್ಟಿ ಮರ ಸಿಕ್ಕ ಮೇಲೂ ಅರ್ಧ ಅಡಿ ಆಚೆಗೆ ಕತ್ತರಿಸುವುದು ಒಳ್ಳೆಯದು, ಏಕೆಂದರೆ ಕೊಳೆಯ ಬೇರುಗಳು ಕಣ್ಣಿಗೆ ಕಾಣುವುದಕ್ಕಿಂತ ಮುಂದಕ್ಕೆ ಹೋಗಿರುತ್ತವೆ. ಹೊಸ ತುಂಡನ್ನು ಹಳೆಯದಕ್ಕೆ ನೇರವಾಗಿ ಮುಖಕ್ಕೆ ಮುಖ ಕೊಟ್ಟು ಸೇರಿಸದೆ, ದಪ್ಪದ ಎಂಟರಷ್ಟು ಉದ್ದಕ್ಕೆ ಓರೆ ಕೊಯ್ದು, ನೀರಿಗೆ ಬಿಡದ ಅಂಟು ಹಾಕಿ ಬಿಗಿಯಬೇಕು. 25 ಮಿಲಿಮೀಟರ್ ದಪ್ಪದ ರೀಪಿಗೆ ಈ ಓರೆ 200 ಮಿಲಿಮೀಟರ್ ಉದ್ದ ಬರುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಪಕ್ಕದಲ್ಲಿ ಜೋಡಿ ರೀಪು ಕೊಡಬಹುದು. ಹಸಿ ಮರ ಬೇಡ. ತೋಟದಲ್ಲಿ ಮೊನ್ನೆ ಕಡಿದ ಸಿಲ್ವರ್ ಮರವನ್ನು ಕೊಯ್ಸಿ ತಂದರೆ ಅದು ಒಣಗುತ್ತ ತಿರುಚಿಕೊಂಡು ಹೊಸ ಸಂದುಗಳನ್ನು ತೆರೆಯುತ್ತದೆ.

ಉಳಿದ ಹಳೆಯ ಮರಕ್ಕೆ ಬೋರಾನಿನ ದ್ರಾವಣ ಹಚ್ಚಿದರೆ ಕೊಳೆಯೂ ಗೆದ್ದಲೂ ದೂರವಿರುತ್ತವೆ. ಗ್ರಂಧಿಗೆ ಅಂಗಡಿಯ ಬಿಳಿಗಾರ 30 ಗ್ರಾಂ, ಬೋರಿಕ್ ಆಸಿಡ್ 20 ಗ್ರಾಂ, ಒಂದು ಲೀಟರ್ ಬಿಸಿನೀರು, ಇಷ್ಟೇ. ಇದನ್ನು ಬ್ರಷ್ಷಿನಲ್ಲಿ ಎರಡು ಮೂರು ಸಲ ಕುಡಿಸಿ ಮತ್ತೆ ಒಣಗಿಸಬೇಕು. ಇದು ನೀರಿಗೆ ಕರಗಿ ಹೋಗುವ ವಸ್ತುವಾದ್ದರಿಂದ ತೂತು ಮುಚ್ಚದೆ ಇದನ್ನು ಹಚ್ಚಿ ಪ್ರಯೋಜನವಿಲ್ಲ. ಮಿಕ್ಕ ದ್ರಾವಣವನ್ನು ಮಕ್ಕಳಿಗೂ ದನಗಳಿಗೂ ಸಿಗದಂತೆ ಇಡಬೇಕು.

ನೆಲಕ್ಕೂ ಗೋಡೆಗೂ ಹೊಸ ಪ್ಲೈವುಡ್ ತರುವಾಗ ಅಂಗಡಿಯವರ "ವಾಟರ್‌ಪ್ರೂಫ್" ಎಂಬ ಮಾತಿನ ಬದಲು ಹಾಳೆಯ ಮೇಲಿನ ಮುದ್ರೆಯನ್ನು ನೋಡಬೇಕು. ಐಎಸ್ (ಭಾರತೀಯ ಮಾನದಂಡ) 710 ಎಂದಿದ್ದರೆ ಅದು ಮರೈನ್ ಪ್ಲೈ. ಐಎಸ್ 303ರಲ್ಲಿ ಎಂಆರ್ ಮತ್ತು ಬಿಡಬ್ಲ್ಯುಆರ್ (ಕುದಿನೀರು ತಡೆಯುವುದು) ಎಂಬ ಎರಡು ದರ್ಜೆಗಳಿವೆ. ಎಂಆರ್ ಎಂಬುದು ತೇವದ ಗಾಳಿಯನ್ನು ತಡೆಯಬಲ್ಲದೇ ಹೊರತು ನೀರನ್ನಲ್ಲ. ನೆಲಕ್ಕೆ 710, ಒಳಗೋಡೆಗೆ ಬಿಡಬ್ಲ್ಯುಆರ್ ಸಾಕು ಎಂಬುದು ನನ್ನ ಅಭಿಪ್ರಾಯ. ಯಾವುದನ್ನೇ ತಂದರೂ ಕತ್ತರಿಸಿದ ಅಂಚುಗಳಿಗೆ ಮತ್ತು ಕೊರೆದ ತೂತುಗಳ ಒಳಮೈಗೆ ಎಪಾಕ್ಸಿ ಕುಡಿಸದೆ ಕೂರಿಸಬಾರದು, ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ. ಹಳೆಯ ಹಾಳೆಯ ದಪ್ಪವನ್ನೇ ಉಳಿಸಿಕೊಳ್ಳಿ. ಗಟ್ಟಿಯಾಗಲೆಂದು ದಪ್ಪ ಹಾಕುತ್ತ ಹೋದರೆ ಎಳೆಯುವ ಜೀಪಿಗೂ ಅಚ್ಚಿಗೂ ಭಾರ.

ಸಂದು ಮುಚ್ಚುವುದು

ಕೊನೆಗೆ ಹೊರಗಿನ ಕೆಲಸ. ಹಳೆಯ ಸಂದಿನ ಮೇಲೆ ಹೊಸ ಪದರ ಬಳಿಯುವುದು ದುರಸ್ತಿಯಲ್ಲ. ಮೂಲೆಪಟ್ಟಿ, ಕಿಟಕಿಯ ಚೌಕಟ್ಟು, ಗಾಳಿಕಿಂಡಿ, ದೀಪ, ಯಾವುದು ಸೋರುತ್ತಿದೆಯೋ ಅದನ್ನು ಪೂರ್ತಿ ಬಿಚ್ಚಿ, ಹಳೆಯ ಮೇಣವನ್ನು ಪ್ಲಾಸ್ಟಿಕ್ ಬಿಲ್ಲೆಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಚಾವಣಿಗೆ ರಬ್ಬರಿನ ಹೊದಿಕೆ ಇರುವ ಗಾಡಿಯಾದರೆ ಪೆಟ್ರೋಲ್, ಟರ್ಪೆಂಟೈನ್ ತಗುಲಿಸಬಾರದು, ರಬ್ಬರು ಉಬ್ಬುತ್ತದೆ. ಸಿಲಿಕಾನ್ ಇದ್ದ ಜಾಗದಲ್ಲಿ ಹೆಚ್ಚು ಪಾಡು, ಏಕೆಂದರೆ ಅದರ ಕಣ್ಣಿಗೆ ಕಾಣದ ಪೊರೆಯ ಮೇಲೆ ಬೇರೇನೂ ಅಂಟುವುದಿಲ್ಲ, ಹೊಸ ಸಿಲಿಕಾನೂ ಸರಿಯಾಗಿ ಹಿಡಿಯುವುದಿಲ್ಲ. ಒರೆಸಿದ ಮೇಲೆ ಅಲ್ಲಿ ಒಂದು ಚಮಚ ನೀರು ಹಾಕಿ ನೋಡಿ. ಕೆಸುವಿನೆಲೆಯ ಮೇಲಿನ ಹಾಗೆ ನೀರು ಹನಿಗಟ್ಟಿ ಓಡಿದರೆ ಪೊರೆ ಇನ್ನೂ ಉಳಿದಿದೆ. ಹುಳಿ ವಾಸನೆ ಬರುವ ಜಾತಿಯ ಸಿಲಿಕಾನ್ ಆರುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಸತು ಲೇಪಿಸಿದ ತಗಡಿಗೆ ಅದು ತುಕ್ಕು ಹಿಡಿಸುತ್ತದೆ. ಡಾಂಬರಿನ ಲೇಪವೂ, ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯೂ ಅಲುಗಾಡುವ ಸಂದಿಗೆ ಸಲ್ಲ. ಒಂದು ಘಾಟಿ ಹತ್ತಿ ಇಳಿದರೆ ಬಿರುಕು ಬಿಡುತ್ತವೆ.

ಪಟ್ಟಿಯ ಅಡಿಗೆ 3 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಅಗಲದ ಬ್ಯುಟೈಲ್ ಟೇಪು ಹಾಕಬೇಕು. ಇದು ಎಂದೂ ಪೂರ್ತಿ ಗಟ್ಟಿಯಾಗದೆ ಮೆತ್ತಗೇ ಉಳಿಯುವುದರಿಂದ ಗಾಡಿ ತಿರುಚಿಕೊಂಡಾಗ ಜೊತೆಗೆ ಹಿಗ್ಗುತ್ತದೆ. ಹಳೆಯ ಸ್ಕ್ರೂ ತೂತುಗಳು ಅಗಲವಾಗಿದ್ದರೆ ಮರದ ಕಡ್ಡಿ ಮತ್ತು ಎಪಾಕ್ಸಿ ತುಂಬಿ ಹೊಸದಾಗಿ ಕೊರೆದು, ಪ್ರತಿ ಸ್ಟೀಲ್ ಸ್ಕ್ರೂವಿನ ಕತ್ತಿಗೂ ಚಿಟಿಕೆಯಷ್ಟು ಬ್ಯುಟೈಲ್ ಸುತ್ತಿ ಹಾಕಬೇಕು. ಒಂದು ತುದಿಯಿಂದ ಬಿಗಿಯುತ್ತ ಹೋಗದೆ ನಡುವಿನಿಂದ ಎರಡೂ ಕಡೆಗೆ ಬಿಗಿಯಬೇಕು. ಅಂಚಿನುದ್ದಕ್ಕೂ ಟೇಪು ಎಳ್ಳುಂಡೆಯ ಪಾಕದಂತೆ ಸಮನಾಗಿ ಹೊರಗೆ ಉಕ್ಕಿದರೆ ಸರಿಯಾಗಿ ಕೂತಿದೆ. ಉಕ್ಕದ ಜಾಗವಿದ್ದರೆ ಅಲ್ಲಿ ಇನ್ನೊಂದು ತುಂಡು ಬೇಕು. ನಾಲ್ಕೈದು ದಿನ ಬಿಸಿಲು ಕಂಡ ಮೇಲೆ ಮತ್ತೊಮ್ಮೆ ಬಿಗಿದು, ಉಕ್ಕಿದ್ದನ್ನು ಕತ್ತರಿಸಿ, ಮೇಲಂಚಿಗೂ ಸ್ಕ್ರೂ ತಲೆಗಳಿಗೂ ಪಾಲಿಯುರಿಥೇನ್ ಸೀಲಂಟನ್ನು ತೆಳುವಾಗಿ ಎಳೆಯಬೇಕು. ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಸಿಲಿಕಾನನ್ನೇ ಕೊಡುತ್ತಾರೆ, ಕಾರಿನ ಮುಂಗಾಜು ಕೂರಿಸುವವರ ಬಳಿ ಕೇಳಿದರೆ ಪಾಲಿಯುರಿಥೇನ್ ಸಿಗುತ್ತದೆ. ಕಿಟಕಿಯ ಕೆಳಗಿನಂಚಿಗೆ ಮಾತ್ರ ಮೇಲಿನ ಲೇಪ ಬೇಡ; ಅಲ್ಲಿರುವ ಸಣ್ಣ ತೂತುಗಳು ಒಳಬಂದ ನೀರು ಹೊರಹೋಗಲೆಂದೇ ಇಟ್ಟವು.

ಒಳಗಿನ ಪ್ಲೈವುಡ್ ಮುಚ್ಚುವ ಮೊದಲು ಅದೇ ಪೈಪು, ಅದೇ ಪತ್ರಿಕೆಯ ಪಟ್ಟಿಗಳೊಂದಿಗೆ ಇನ್ನೊಂದು ಪರೀಕ್ಷೆ ಆಗಬೇಕು. ನಾನು ಹೊಸ ಹಾಳೆಯನ್ನು ಅಂಟು ಹಾಕದೆ ಸ್ಕ್ರೂವಿನಲ್ಲಷ್ಟೇ ಕೂರಿಸಿದ್ದೇನೆ, ಮತ್ತೆ ಬಿಚ್ಚಿ ನೋಡಬೇಕೆನಿಸಿದರೆ ಹತ್ತು ನಿಮಿಷದ ಕೆಲಸ. ಅಲ್ಲಿಂದೀಚೆಗೆ ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಏಣಿ ಹಾಕಿ ಚಾವಣಿ ನೋಡುತ್ತೇನೆ. ಸಂದಿನಲ್ಲಿ ಬಿದಿರೆಲೆ ಸಿಕ್ಕಿದ್ದರೆ ತೆಗೆದು, ಹಾವಸೆ ಕಟ್ಟಿದ್ದರೆ ಮೆತ್ತನೆಯ ಬ್ರಷ್ಷಿನಿಂದ ತೊಳೆಯುತ್ತೇನೆ. ಕಳೆದ ವರ್ಷ ಆರಿದ್ರಾ ಮಳೆಯಲ್ಲಿ ಕಿಟಕಿಯ ಕೆಳಮೂಲೆ 19 ತೋರಿಸಿತು, ಕಪಾಟಿನ ಮರದ ತುಂಡೂ 19.